ತಿದ್ದಿ ನೋಡದ ಕಿಣ್ವ, ಅದನ್ನು ಹುಡುಕಿದ ಹೋವರ್ಡ್ ಟೆಮಿನ್

ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದವರಿಗೆ ಒಂದು ಸಾಲು ಇನ್ನೂ ನೆನಪಿರಬೇಕು: ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಪಿಸಿಎಂಸಿಯವರು ಗಾಬರಿಯಾಗಬೇಡಿ, ಈ ಲೇಖನ ಓದೋಕೆ ಅಷ್ಟು ಬಯಾಲಜಿ ಸಾಕು. ಮೊದಲನೇ ಬಾಣ ಹಿಂದಕ್ಕೂ ಹೋಗುತ್ತೆ, ಅಂದರೆ ಆರ್‌ಎನ್‌ಎಯಿಂದ ಡಿಎನ್‌ಎ ಕೂಡ ಆಗುತ್ತೆ ಅಂತ ಹೇಳಿ, ವರ್ಷಗಟ್ಟಲೆ ಯಾರೂ ನಂಬದಿದ್ದರೂ ಪ್ರಯೋಗ ಬಿಡದೆ, ಕೊನೆಗೆ ಸಾಬೀತು ಮಾಡಿದವರು ಅಮೆರಿಕದ ಹೋವರ್ಡ್ ಟೆಮಿನ್. ಆಗ ಅವರು ನೋಡುತ್ತಿದ್ದದ್ದು ಕೋಳಿಗೆ ಕ್ಯಾನ್ಸರ್ ತರುವ ಒಂದು ವೈರಸ್ಸನ್ನು. ಎಚ್‌ಐವಿ ಅನ್ನೋ ಹೆಸರೇ ಆಗ ಇರಲಿಲ್ಲ. ಆದರೂ ಎಚ್‌ಐವಿಗೆ ಒಂದೇ ಔಷಧಿ ಯಾಕೆ ಸಾಕಾಗೋಲ್ಲ, ಮಾತ್ರೆ ತಪ್ಪಿಸಿದರೆ ಯಾಕೆ ಅಪಾಯ ಅನ್ನೋ ಪ್ರಶ್ನೆಗಳಿಗೆ ಉತ್ತರ ಸಿಗೋದು ಟೆಮಿನ್ ಅವರ ಎರಡು ವಿಚಾರಗಳಲ್ಲೇ.

ಟೆಮಿನ್ ಹುಟ್ಟಿದ್ದು 1934ರ ಡಿಸೆಂಬರ್ 10ರಂದು, ಫಿಲಡೆಲ್ಫಿಯಾದಲ್ಲಿ. ತಂದೆ ವಕೀಲರು, ತಾಯಿ ಊರಿನ ಸಾರ್ವಜನಿಕ ಕೆಲಸಗಳಲ್ಲಿ ಓಡಾಡುತ್ತಿದ್ದವರು. ಮೂವರು ಗಂಡುಮಕ್ಕಳಲ್ಲಿ ಇವರು ನಡುವಿನವರು. ಹೈಸ್ಕೂಲಿನ ಬೇಸಿಗೆ ರಜೆಗಳಲ್ಲಿ ಮೇನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಗೆ ಹೋಗಿ ಜೀವವಿಜ್ಞಾನ ಕಲಿಯುತ್ತಿದ್ದ ಹುಡುಗನಿಗೆ ಆಗಲೇ ದಾರಿ ಸಿಕ್ಕಿತ್ತು. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಡಿಗ್ರಿ ಓದುವಾಗ, ಹದಿನೆಂಟನೇ ವಯಸ್ಸಿನಲ್ಲೇ, ಮೊದಲ ಸಂಶೋಧನಾ ಲೇಖನ ಬಂತು. ನಾವು ಮಿನಿ ಪ್ರಾಜೆಕ್ಟಿಗೆ ಗೈಡ್ ಹುಡುಕೋ ವಯಸ್ಸು ಅದು, ಇರಲಿ ಬಿಡಿ.

1955ರಲ್ಲಿ ಕ್ಯಾಲ್ಟೆಕ್ ಸೇರಿದರು. ಮೊದಲು ಆರಿಸಿಕೊಂಡದ್ದು ಭ್ರೂಣವಿಜ್ಞಾನ. ಒಂದೂವರೆ ವರ್ಷದ ನಂತರ ಅದನ್ನು ಬಿಟ್ಟು ರೆನಾಟೊ ಡುಲ್ಬೆಕೊ ಅವರ ವೈರಸ್ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಹ್ಯಾರಿ ರೂಬಿನ್ ಅನ್ನೋ ಹಿರಿಯ ಸಂಶೋಧಕರ ಜೊತೆ ರೌಸ್ ಸಾರ್ಕೋಮಾ ವೈರಸ್ ಮೇಲೆ ಕೆಲಸ ಶುರುವಾಯಿತು. ಕೋಳಿಗಳಲ್ಲಿ ಗಡ್ಡೆ ತರುವ ಈ ವೈರಸ್ಸನ್ನು ಪೇಟನ್ ರೌಸ್ 1911ರಲ್ಲೇ ವರದಿ ಮಾಡಿದ್ದರು. ಆದರೆ ಅದನ್ನು ಅಳೆಯೋಕೆ ಒಳ್ಳೆಯ ವಿಧಾನ ಇರಲಿಲ್ಲ. ಟೆಮಿನ್ ಮತ್ತು ರೂಬಿನ್ ಗಾಜಿನ ತಟ್ಟೆಯಲ್ಲಿ ಕೋಳಿಯ ಜೀವಕೋಶಗಳನ್ನು ಬೆಳೆಸಿ, ವೈರಸ್ ಹಾಕಿ, ಕ್ಯಾನ್ಸರ್ ರೂಪ ತಾಳಿದ ಕೋಶಗಳ ಗುಂಪುಗಳನ್ನು ಎಣಿಸುವ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು. ಅಳೆಯೋಕೆ ಬಂದ ಮೇಲೆ ತಾನೇ ಯಾವ ವಿಷಯವಾದರೂ ವಿಜ್ಞಾನವಾಗೋದು.

1960ರಲ್ಲಿ ಅವರಿಗೆ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಕಾರ್ಡಲ್ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕೊಟ್ಟ ಲ್ಯಾಬು ನೆಲಮಾಳಿಗೆಯಲ್ಲಿ. ಜೀವಕೋಶ ಬೆಳೆಸುವ ಕೋಣೆಯಲ್ಲಿ ಕೊಳಚೆ ನೀರಿನ ಗುಂಡಿ, ಪಕ್ಕದ ಕೋಣೆಯಲ್ಲಿ ಇಡೀ ಕಟ್ಟಡದ ಹಬೆ ಪೈಪುಗಳು. ಎರಡು ವರ್ಷದ ನಂತರ ರೇಲಾ ಗ್ರೀನ್‌ಬರ್ಗ್ ಅವರನ್ನು ಮದುವೆಯಾದರು. ಅವರೂ ತಳಿವಿಜ್ಞಾನಿ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ಆ ನೆಲಮಾಳಿಗೆಯಲ್ಲಿ ಟೆಮಿನ್ ಗಮನಿಸಿದ ಸಂಗತಿ ಸಣ್ಣದು. ಕೋಳಿಯ ಜೀವಕೋಶಕ್ಕೆ ವೈರಸ್ ಹೊಕ್ಕರೆ ಕೋಶದ ಆಕಾರ ಬದಲಾಗುತ್ತೆ. ಯಾವ ಆಕಾರ ಬರುತ್ತೆ ಅನ್ನೋದು ಯಾವ ತಳಿಯ ವೈರಸ್ ಹೊಕ್ಕಿದೆ ಅನ್ನೋದರ ಮೇಲೆ ನಿಂತಿದೆ. ಆ ಕೋಶ ಎರಡಾದರೆ ಎರಡಕ್ಕೂ ಅದೇ ಆಕಾರ, ನಾಲ್ಕಾದರೆ ನಾಲ್ಕಕ್ಕೂ. ಅಂದರೆ ವೈರಸ್ಸಿನ ಮಾಹಿತಿ ಕೋಶದ ಸ್ವಂತ ಜೀನ್‌ಗಳ ಹಾಗೆ ಪೀಳಿಗೆಯಿಂದ ಪೀಳಿಗೆಗೆ ಹೋಗುತ್ತಿದೆ. ಹಾಗಿದ್ದರೆ ಆ ಮಾಹಿತಿ ಕೋಶದ ಡಿಎನ್‌ಎಯೊಳಗೇ ಕೂತಿರಬೇಕಲ್ಲವೇ? ಆದರೆ ರೌಸ್ ವೈರಸ್ಸಿನ ಬಳಿ ಇರೋದು ಬರೀ ಆರ್‌ಎನ್‌ಎ. ಟೆಮಿನ್ 1964ರಲ್ಲಿ ನೇರವಾಗಿ ಹೇಳಿದರು: ಈ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಸಿ ಕೋಶದ ಡಿಎನ್‌ಎಗೆ ಸೇರಿಸುತ್ತೆ. ಹಾಗೆ ಸೇರಿಕೊಂಡ ರೂಪವೇ ಪ್ರೊವೈರಸ್.

ಯಾರೂ ಒಪ್ಪಲಿಲ್ಲ. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಮಾತ್ರ ಹರಿಯುತ್ತೆ ಅನ್ನೋದು ಆಗ ಎಲ್ಲರ ತಲೆಯಲ್ಲಿ ಕೂತಿದ್ದ ನಿಯಮ. ಹಾಗಂತ ವಿರೋಧಿಸಿದವರೆಲ್ಲ ದಡ್ಡರೇನಲ್ಲ. ಟೆಮಿನ್ ಕೊಟ್ಟ ಪುರಾವೆಯಲ್ಲಿ ತೂತುಗಳಿದ್ದವು. ಡಿಎನ್‌ಎಯಿಂದ ಆರ್‌ಎನ್‌ಎ ಆಗೋದನ್ನು ತಡೆಯುವ ಆಕ್ಟಿನೋಮೈಸಿನ್ ಡಿ ಹಾಕಿದರೆ ರೌಸ್ ವೈರಸ್ ಹುಟ್ಟೋದು ನಿಲ್ಲುತ್ತೆ ಅಂತ ಅವರು ತೋರಿಸಿದರು. ಆ ಔಷಧಿ ಕೋಶಕ್ಕೇ ವಿಷ, ಅದಕ್ಕೇ ನಿಂತಿರಬಹುದು ಅಂದರು ಉಳಿದವರು. ಸೋಂಕಿತ ಕೋಶದ ಡಿಎನ್‌ಎಯಲ್ಲಿ ವೈರಸ್ಸಿನ ಪ್ರತಿ ಇದೆ ಅಂತ ತೋರಿಸುವ ಪ್ರಯೋಗವನ್ನೂ ಮಾಡಿದರು. ಸಿಕ್ಕಿದ್ದು ತೀರಾ ಸಣ್ಣ ಸಿಗ್ನಲ್, ಸುತ್ತ ಬೇಕಾದಷ್ಟು ನಾಯ್ಸ್. ಟೆಮಿನ್ ಜಗಳಕ್ಕೆ ಹೋಗಲಿಲ್ಲ, ಐಡಿಯಾವನ್ನೂ ಬಿಡಲಿಲ್ಲ. ತಾನು ಹೇಳಿದ್ದು ನಿಜವಾದರೆ ಇನ್ನೇನು ಕಾಣಬೇಕು ಅಂತ ಮುಂದಿನ ಪ್ರಯೋಗಕ್ಕೆ ಹೋಗುತ್ತಿದ್ದರು.

ಅವರ ಮಾತು ನಿಜವಾಗಿದ್ದರೆ ಆರ್‌ಎನ್‌ಎ ಓದಿ ಡಿಎನ್‌ಎ ಬರೆಯುವ ಒಂದು ಕಿಣ್ವ ಎಲ್ಲೋ ಇರಲೇಬೇಕು. ಜಪಾನಿನಿಂದ ಬಂದಿದ್ದ ಸತೋಶಿ ಮಿಜುತಾನಿ ಜೊತೆ ಸೇರಿ ಅದನ್ನು ವೈರಸ್ಸಿನ ಕಣದೊಳಗೇ ಹುಡುಕಿದರು. ಶುದ್ಧ ಮಾಡಿದ ವೈರಸ್ ಕಣಗಳ ಹೊದಿಕೆಯನ್ನು ಡಿಟರ್ಜೆಂಟಿನಿಂದ ಸಡಿಲ ಮಾಡಿ, ಡಿಎನ್‌ಎ ಕಟ್ಟಲು ಬೇಕಾದ ಇಟ್ಟಿಗೆಗಳನ್ನು ಒದಗಿಸಿದರು. ಡಿಎನ್‌ಎ ತಯಾರಾಯಿತು. ಆರ್‌ಎನ್‌ಎಯನ್ನು ಮೊದಲೇ ನಾಶ ಮಾಡಿದರೆ ತಯಾರಾಗಲಿಲ್ಲ. ಅಲ್ಲಿಗೆ ಪ್ರಶ್ನೆ ಮುಗಿಯಿತು. 1970ರ ಮೇ ತಿಂಗಳಲ್ಲಿ ಹ್ಯೂಸ್ಟನ್ನಿನ ಕ್ಯಾನ್ಸರ್ ಸಮ್ಮೇಳನದಲ್ಲಿ ಟೆಮಿನ್ ಇದನ್ನು ಹೇಳಿದರು. ಅದೇ ಹೊತ್ತಿಗೆ ಎಂಐಟಿಯಲ್ಲಿ ಡೇವಿಡ್ ಬಾಲ್ಟಿಮೋರ್ ಬೇರೆ ವೈರಸ್ ಹಿಡಿದು, ತಾವೇ ಸ್ವತಂತ್ರವಾಗಿ, ಇದೇ ಕಿಣ್ವ ಕಂಡಿದ್ದರು. ಇಬ್ಬರ ಲೇಖನಗಳೂ 1970ರ ಜೂನ್ 27ರ ನೇಚರ್ ಸಂಚಿಕೆಯಲ್ಲಿ ಒಟ್ಟಿಗೇ ಬಂದವು. ಕಿಣ್ವಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಂತ ಹೆಸರಾಯಿತು. ಅದನ್ನು ಬಳಸುವ ವೈರಸ್ಸುಗಳು ರೆಟ್ರೋವೈರಸ್‌ಗಳಾದವು.

1975ರಲ್ಲಿ ಟೆಮಿನ್, ಬಾಲ್ಟಿಮೋರ್ ಮತ್ತು ಗುರು ಡುಲ್ಬೆಕೊ, ಮೂವರಿಗೂ ನೊಬೆಲ್ ಬಂತು. ನೊಬೆಲ್ ಕೊಡೋದು ಡಿಸೆಂಬರ್ 10ರಂದು. ಅಂದು ಟೆಮಿನ್ ಅವರಿಗೆ 41ನೇ ಹುಟ್ಟುಹಬ್ಬ. ಔತಣಕೂಟದಲ್ಲಿ ಮಾತಾಡುವಾಗ, ಕ್ಯಾನ್ಸರ್ ತಡೆಯುವ ದೊಡ್ಡ ಉಪಾಯ ಸಿಗರೇಟು ಬಿಡೋದು, ಅದು ಗೊತ್ತಿದ್ದೂ ಜನ ಬಿಡುತ್ತಿಲ್ಲ ಅಂತ ಸಿಟ್ಟಿನಿಂದಲೇ ಹೇಳಿದರು. ವೈರಸ್ಸಿಗೆ ಬಹುಮಾನ ಪಡೆದವರು ತಂಬಾಕಿನ ಬಗ್ಗೆ ಮಾತಾಡಿದ್ದು ಹಲವರಿಗೆ ವಿಚಿತ್ರ ಅನ್ನಿಸಿರಬೇಕು. ಅವರಿಗೆ ಕಾಯಿಲೆ ತಡೆಯೋದು ಮುಖ್ಯ, ತನ್ನ ಕ್ಷೇತ್ರ ಯಾವುದು ಅನ್ನೋದಲ್ಲ.

1983ರ ಜನವರಿಯಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸ್ಸಿ ಮತ್ತು ತಂಡದವರು ಒಬ್ಬ ರೋಗಿಯ ದುಗ್ಧಗ್ರಂಥಿಯ ಕೋಶಗಳನ್ನು ಬೆಳೆಸಿ ನೋಡುತ್ತಿದ್ದರು. ಹೊಸ ಕಾಯಿಲೆ, ಏಡ್ಸ್, ಕಾರಣ ಗೊತ್ತಿಲ್ಲ. ಅವರು ಹುಡುಕಿದ ಗುರುತು ಯಾವುದು? ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಚಟುವಟಿಕೆ. ಅದು ಕಂಡಿತು, ಹಾಗೆ ಎಚ್‌ಐವಿ ಸಿಕ್ಕಿತು. ಕೋಳಿ ವೈರಸ್ಸಿನಲ್ಲಿ ಸಿಕ್ಕಿದ ಕಿಣ್ವ ಈಗ ಮನುಷ್ಯರ ಮಹಾಮಾರಿಯ ಸುಳಿವಾಯಿತು.

ಸುಳಿವಷ್ಟೇ ಅಲ್ಲ, ಗುರಿಯೂ ಆಯಿತು. ನಮ್ಮ ಜೀವಕೋಶದ ದಿನನಿತ್ಯದ ಕೆಲಸಕ್ಕೆ ಈ ವೈರಸ್ ಕಿಣ್ವ ಬೇಕಿಲ್ಲ, ಎಚ್‌ಐವಿಗೆ ಅದಿಲ್ಲದೆ ನಡೆಯೋಲ್ಲ. ಹಾಗಾದರೆ ಅದನ್ನೇ ಕೆಡಿಸಿದರೆ ಆಯಿತಲ್ಲ! 1964ರಲ್ಲಿ ಜೆರೋಮ್ ಹೊರ್ವಿಟ್ಜ್ ಕ್ಯಾನ್ಸರಿಗೆಂದು ತಯಾರಿಸಿ, ಕೆಲಸಕ್ಕೆ ಬಾರದೆ ಬಿದ್ದಿದ್ದ ಎಝಡ್‌ಟಿ ಅನ್ನೋ ವಸ್ತು ಈ ಕೆಲಸಕ್ಕೆ ಬಂತು. ಇದು ಡಿಎನ್‌ಎಯ ಒಂದು ಅಕ್ಷರದ ಹಾಗೇ ಕಾಣುತ್ತೆ, ಆದರೆ ಮುಂದಿನ ಅಕ್ಷರ ಕೊಂಡಿ ಹಾಕಬೇಕಾದ ಜಾಗ ಮುಚ್ಚಿರುತ್ತೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಮೋಸ ಹೋಗಿ ಅದನ್ನು ಸರಪಳಿಗೆ ಸೇರಿಸಿದರೆ ಬರವಣಿಗೆ ಅಲ್ಲಿಗೇ ನಿಂತಿತು. 1987ರ ಮಾರ್ಚಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಚ್‌ಐವಿಗೆ ಅದು ಮೊದಲ ಔಷಧಿ.

ಸಂತೋಷ ಬಹಳ ದಿನ ಉಳಿಯಲಿಲ್ಲ. ಆರು ತಿಂಗಳು ಅಥವಾ ಹೆಚ್ಚು ಕಾಲ ಎಝಡ್‌ಟಿ ತಗೊಂಡ ರೋಗಿಗಳಿಂದ ತೆಗೆದ ವೈರಸ್ ಔಷಧಿಗೆ ಬಗ್ಗುತ್ತಿಲ್ಲ, ಕೆಲವನ್ನು ತಡೆಯೋಕೆ ನೂರು ಪಟ್ಟಿಗಿಂತ ಹೆಚ್ಚು ಪ್ರಮಾಣ ಬೇಕು ಅಂತ 1989ರಲ್ಲಿ ವರದಿಯಾಯಿತು. ನೋಡಿದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನಲ್ಲೇ ಕೆಲವು ಅಕ್ಷರಗಳು ಬದಲಾಗಿದ್ದವು. ಬದಲಾದ ಕಿಣ್ವ ತಾನು ಸೇರಿಸಿದ ಎಝಡ್‌ಟಿಯನ್ನು ಮತ್ತೆ ಕಿತ್ತು ಹಾಕಿ ಬರವಣಿಗೆ ಮುಂದುವರಿಸುತ್ತಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ವೈರಸ್ ಔಷಧಿಯನ್ನು ನೋಡಿ ಬುದ್ಧಿ ಕಲಿಯಿತು ಅಂತ ನಾವು ಸಾಮಾನ್ಯವಾಗಿ ಹೇಳಿಬಿಡ್ತೀವಿ. ವೈರಸ್ಸಿಗೆ ಕಲಿಯೋಕೆ ತಲೆಯೂ ಇಲ್ಲ, ತೊಂದರೆ ಬಂದಾಗ ಬೇಕಾದ ರೂಪಾಂತರ ಮಾಡಿಕೊಳ್ಳುವ ಉಪಾಯವೂ ಇಲ್ಲ. ನಕಲು ಮಾಡುವಾಗ ತಪ್ಪುಗಳು ಸುಮ್ಮನೆ ಆಗುತ್ತಿರುತ್ತವೆ, ಔಷಧಿ ಇರಲಿ ಇಲ್ಲದಿರಲಿ. ಬಹುಪಾಲು ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಕೋಟ್ಯಂತರ ತಪ್ಪುಗಳಲ್ಲಿ ಯಾವುದೋ ಒಂದು, ಆಕಸ್ಮಿಕವಾಗಿ, ಮುಂದೆ ಬರೋ ಔಷಧಿಗೆ ಬಗ್ಗದ ಕಿಣ್ವ ಕೊಟ್ಟಿರುತ್ತೆ. ಔಷಧಿ ಬಂದಾಗ ಉಳಿದವೆಲ್ಲ ಸಾಯುತ್ತವೆ, ಇದು ಉಳಿಯುತ್ತೆ. ಖಾಲಿಯಾದ ಜಾಗವೆಲ್ಲ ಇದರ ಸಂತಾನಕ್ಕೆ.

ಹಾಗಾದರೆ ತಪ್ಪುಗಳು ಎಷ್ಟು? ಟೆಮಿನ್ ತಮ್ಮ ಕೊನೆಯ ವರ್ಷಗಳಲ್ಲಿ ಹಿಡಿದ ಪ್ರಶ್ನೆ ಇದೇ. ನಮ್ಮ ಜೀವಕೋಶದ ಡಿಎನ್‌ಎ ನಕಲು ಯಂತ್ರ ಬರೆದ ಅಕ್ಷರವನ್ನು ತಿರುಗಿ ನೋಡುತ್ತೆ, ತಪ್ಪಿದ್ದರೆ ಅಳಿಸಿ ಬರೆಯುತ್ತೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿಗೆ ಹಾಗೆ ತಿದ್ದುವ ಭಾಗವೇ ಇಲ್ಲ. 1990ರ ಹೊತ್ತಿಗೆ ಟೆಮಿನ್ ಮತ್ತು ವಿನಯ್ ಪಾಠಕ್ ರೆಟ್ರೋವೈರಸ್ ಒಂದೇ ಒಂದು ಸುತ್ತು ನಕಲಾದಾಗ ಏನೇನು ತಪ್ಪಾಗುತ್ತೆ ಅಂತ ಜೀವಂತ ಕೋಶಗಳಲ್ಲೇ ಅಳೆದರು. ನಂತರ ಲೂಯಿಸ್ ಮ್ಯಾನ್ಸ್ಕಿ ಜೊತೆ ಎಚ್‌ಐವಿಗೇ ಈ ಲೆಕ್ಕ ಹಾಕಿದರು. ಬಂದ ಉತ್ತರ: ಒಂದು ಸುತ್ತಿನಲ್ಲಿ 1 ಲಕ್ಷ ಅಕ್ಷರಕ್ಕೆ ಸುಮಾರು 3.4 ತಪ್ಪು. ಪರೀಕ್ಷಾನಳಿಕೆಯಲ್ಲಿ ಕಿಣ್ವ ಒಂದನ್ನೇ ಇಟ್ಟು ಮಾಡಿದ ಅಂದಾಜು ಇದರ 20 ಪಟ್ಟು ಇತ್ತು. ಅಂದರೆ ಎಚ್‌ಐವಿ ಅಂದುಕೊಂಡಷ್ಟು ಅಜಾಗರೂಕ ಬರಹಗಾರ ಅಲ್ಲ.

ಎಚ್‌ಐವಿಯ ಪೂರ್ತಿ ಜೀನೋಮ್ ಸುಮಾರು 9,700 ಅಕ್ಷರ. ಗುಣಿಸಿ ನೋಡಿ: ಮೂರು ನಕಲಿಗೆ ಸುಮಾರು ಒಂದು ತಪ್ಪು. ಸೀನಿಯರ್ ರೆಕಾರ್ಡ್ ನೋಡಿಕೊಂಡು ರಾತ್ರಿಯೆಲ್ಲ ಕೂತು ಲ್ಯಾಬ್ ರೆಕಾರ್ಡ್ ಬರೆಯುವ ನಮ್ಮಲ್ಲಿ ಇಷ್ಟು ಶುದ್ಧವಾಗಿ ಬರೆಯುವವರು ಒಬ್ಬರೂ ಸಿಗಲಾರರು. ಸಮಸ್ಯೆ ಇರೋದು ನಕಲುಗಳ ಸಂಖ್ಯೆಯಲ್ಲಿ. ಆ ಲೆಕ್ಕಕ್ಕೆ ಆಮೇಲೆ ಬರ್ತೀನಿ.

ತಪ್ಪು ಮಾತ್ರ ಅಲ್ಲ, ಬೆರಕೆಯೂ ಇದೆ. ಎಚ್‌ಐವಿಯಂಥ ವೈರಸ್ಸಿನ ಒಂದೊಂದು ಕಣದಲ್ಲೂ ಆರ್‌ಎನ್‌ಎಯ ಎರಡು ಪ್ರತಿ ಇರುತ್ತವೆ. ಬರೆಯುವಾಗ ಕಿಣ್ವ ಒಂದು ಪ್ರತಿಯಿಂದ ಇನ್ನೊಂದಕ್ಕೆ ಹಾರಬಹುದು ಅಂತ ಟೆಮಿನ್ ಲ್ಯಾಬಿನಲ್ಲೇ ಪ್ರಯೋಗಗಳಿಂದ ತೋರಿಸಿದರು. ಇದರಿಂದ ಒಂದು ಔಷಧಿಗೆ ಬಗ್ಗದ ವೈರಸ್ ಮತ್ತು ಇನ್ನೊಂದಕ್ಕೆ ಬಗ್ಗದ ವೈರಸ್ ಒಂದೇ ಕೋಶದಲ್ಲಿ ಸೇರಿದರೆ, ಮುಂದಿನ ಸುತ್ತಿನಲ್ಲಿ ಎರಡೂ ಗುಣ ಒಂದರಲ್ಲೇ ಬರಬಹುದು. ಎರಡು ಬ್ರಾಂಚ್ ಮರ್ಜ್ ಮಾಡಿದ ಹಾಗೆ.

ಇದೇ ಕಾಲದಲ್ಲಿ ಎಚ್‌ಐವಿಯಿಂದ ಏಡ್ಸ್ ಬರೋದೇ ಸುಳ್ಳು ಅಂತ ಕೆಲವರು ವಾದಿಸತೊಡಗಿದರು. ಒಂದು ಕಾಲದಲ್ಲಿ ತಾವೇ ಒಂಟಿಯಾಗಿ ಎಲ್ಲರ ವಿರುದ್ಧ ನಿಂತಿದ್ದ ಟೆಮಿನ್ ಈ ಒಂಟಿ ದನಿಗಳ ಪರ ನಿಲ್ಲಬಹುದು ಅಂತ ನಮಗೆ ಅನ್ನಿಸಬಹುದು. ಅವರು ಹಾಗೆ ಮಾಡಲಿಲ್ಲ. 1988ರಲ್ಲಿ ವಿಲಿಯಂ ಬ್ಲಾಟ್ನರ್ ಮತ್ತು ರಾಬರ್ಟ್ ಗ್ಯಾಲೊ ಜೊತೆ ಸೈನ್ಸ್ ಪತ್ರಿಕೆಯಲ್ಲಿ, ಏಡ್ಸಿಗೆ ಎಚ್‌ಐವಿಯೇ ಕಾರಣ ಅಂತ ಪುರಾವೆ ಸಮೇತ ಬರೆದರು. ಜಗತ್ತೆಲ್ಲ ನಗುತ್ತಿದೆ ಅನ್ನೋದು ನಾವು ಸರಿ ಅನ್ನೋದಕ್ಕೆ ಸಾಕ್ಷಿಯಲ್ಲ. 1964ರ ಟೆಮಿನ್ ಗೆದ್ದದ್ದು 1970ರಲ್ಲಿ ಕಿಣ್ವ ತೋರಿಸಿದ್ದಕ್ಕೆ, ಹಟ ಹಿಡಿದದ್ದಕ್ಕಲ್ಲ.

1992ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. ಅದೇ ವರ್ಷ ಶ್ವಾಸಕೋಶದ ಕ್ಯಾನ್ಸರ್ ಇರೋದೂ ಗೊತ್ತಾಯಿತು. ಅವರು ಜೀವನದಲ್ಲಿ ಎಂದೂ ಸಿಗರೇಟು ಸೇದಿದವರಲ್ಲ. 1994ರ ಫೆಬ್ರವರಿ 9ರಂದು, 59ನೇ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಓಡಾಡುತ್ತಿದ್ದ ಮ್ಯಾಡಿಸನ್ನಿನ ಕೆರೆದಂಡೆಯ ದಾರಿಗೆ ಇವತ್ತು ಅವರ ಹೆಸರಿದೆ. ಮ್ಯಾನ್ಸ್ಕಿ ಜೊತೆಗಿನ ಲೆಕ್ಕದ ಲೇಖನ ಅಚ್ಚಾದದ್ದು 1995ರಲ್ಲಿ, ಅವರು ಹೋದ ಮೇಲೆ.

ಅವರು ಸತ್ತಾಗ ಏಡ್ಸ್ ಚಿಕಿತ್ಸೆ ಒಳ್ಳೆಯ ಸ್ಥಿತಿಯಲ್ಲಿರಲಿಲ್ಲ. ರೋಗಲಕ್ಷಣ ಇಲ್ಲದವರಿಗೆ ಎಝಡ್‌ಟಿ ಒಂದನ್ನೇ ಬೇಗ ಶುರು ಮಾಡಿದರೆ ಹೆಚ್ಚು ಕಾಲ ಬದುಕೋದಿಲ್ಲ ಅಂತ ಹಿಂದಿನ ವರ್ಷವಷ್ಟೇ ಕಾಂಕಾರ್ಡ್ ಅಧ್ಯಯನ ಹೇಳಿತ್ತು. ದಾರಿ ತೆರೆದದ್ದು ಮುಂದಿನ ಎರಡು ವರ್ಷಗಳಲ್ಲಿ. ಡೇವಿಡ್ ಹೋ, ಜಾರ್ಜ್ ಶಾ ಅವರ ತಂಡಗಳು ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೂಡ ಓದಿದ್ದ ಅಲನ್ ಪೆರೆಲ್ಸನ್ 1995-96ರಲ್ಲಿ ರೋಗಿಗಳ ರಕ್ತದಲ್ಲಿ ವೈರಸ್ ಇಳಿಯುವ ವೇಗ ಅಳೆದು, ಡಿಫರೆನ್ಶಿಯಲ್ ಈಕ್ವೇಶನ್ ಹಾಕಿ ಲೆಕ್ಕ ಮಾಡಿದರು. ಚಿಕಿತ್ಸೆ ಇಲ್ಲದ ಒಬ್ಬ ರೋಗಿಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಕಣ ಹುಟ್ಟುತ್ತವೆ!

ಈಗ ಎರಡು ಲೆಕ್ಕ ಸೇರಿಸಿ. ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಆಗುವ ಸಾಧ್ಯತೆ ಲಕ್ಷಕ್ಕೆ ಒಂದು ಅಂತಿಟ್ಟುಕೊಳ್ಳಿ. ಒಂದೇ ಬದಲಾವಣೆಯಿಂದ ಸೋಲುವ ಔಷಧಿಗೆ ಬಗ್ಗದ ವೈರಸ್ ದಿನಕ್ಕೆ ಲಕ್ಷ ಹುಟ್ಟುತ್ತೆ, ಅದೂ ಔಷಧಿ ಕೊಡುವ ಮೊದಲೇ. ಲ್ಯಾಮಿವುಡಿನ್ ಒಂದನ್ನೇ ಕೊಟ್ಟರೆ ಕೆಲವೇ ವಾರಗಳಲ್ಲಿ ಸೋಲೋದು ಇದಕ್ಕೇ, ಕಿಣ್ವದ 184ನೇ ಜಾಗದಲ್ಲಿ ಒಂದು ಬದಲಾವಣೆ ಸಾಕು. ಎರಡು ಬದಲಾವಣೆ ಒಟ್ಟಿಗೇ ಬೇಕಾದರೆ 1,000 ಕೋಟಿಗೆ ಒಂದು, ಅಂದರೆ ದಿನಕ್ಕೊಂದು. ಮೂರು ಒಟ್ಟಿಗೇ ಬೇಕಾದರೆ ಲಕ್ಷ ದಿನಕ್ಕೊಂದು, ಸುಮಾರು 270 ವರ್ಷ. ಇದು ತುಂಬ ಸರಳ ಮಾಡಿದ ಲೆಕ್ಕ, ಬೆರಕೆಯನ್ನು ಇದರಲ್ಲಿ ಸೇರಿಸಿಲ್ಲ. ಆದರೆ ಮೂರು ಔಷಧಿ ಒಟ್ಟಿಗೇ ಕೊಡುವುದರ ಹಿಂದಿನ ತರ್ಕ ಇದೇ. ಒಂದಾದ ಮೇಲೆ ಒಂದು ಕೊಟ್ಟರೆ ಒಂದೊಂದೇ ಮೆಟ್ಟಿಲು ಹತ್ತಿಸಿದ ಹಾಗೆ. ಒಟ್ಟಿಗೇ ಕೊಟ್ಟರೆ ಮೂರು ಮೆಟ್ಟಿಲನ್ನು ಒಂದೇ ಸಲ ಹಾರಬೇಕು. ಜೊತೆಗೆ ನಕಲಾಗೋದೇ ನಿಂತುಹೋಗೋದರಿಂದ ತಪ್ಪಾಗುವ ಅವಕಾಶವೂ ಇಲ್ಲ. 1996ರಿಂದ ಈ ಪದ್ಧತಿ ಬಂದ ಮೇಲೆ ಎಚ್‌ಐವಿ ಇದ್ದವರು ದೀರ್ಘಕಾಲ ಬದುಕತೊಡಗಿದರು.

ಹಾಗಿದ್ದರೂ ಕಾಯಿಲೆ ಪೂರ್ತಿ ಹೋಗೋಲ್ಲ ಯಾಕೆ? ಇಲ್ಲಿ ಬರುತ್ತೆ ಟೆಮಿನ್ ಅವರ ಇನ್ನೊಂದು ವಿಚಾರ, ಪ್ರೊವೈರಸ್. ದೀರ್ಘಕಾಲ ಬದುಕುವ ಕೆಲವು ರಕ್ಷಣಾ ಕೋಶಗಳ ಡಿಎನ್‌ಎಯಲ್ಲಿ ಎಚ್‌ಐವಿ ಸುಮ್ಮನೆ ಮಲಗಿರುತ್ತೆ. ಅಲ್ಲಿ ನಕಲೂ ಇಲ್ಲ, ಔಷಧಿಗೆ ಕೆಲಸವೂ ಇಲ್ಲ. ಔಷಧಿಗೆ ಬಗ್ಗದ ವೈರಸ್ ಒಮ್ಮೆ ಹುಟ್ಟಿದರೆ ಅದರ ಪ್ರತಿಯೂ ಈ ಕಡತದಲ್ಲಿ ಸೇರುತ್ತೆ. ಆ ಔಷಧಿ ನಿಲ್ಲಿಸಿದರೆ ಹಳೆಯ ವೈರಸ್ ಮೇಲೆ ಬಂದು, ಬಗ್ಗದ ತಳಿ ರಕ್ತದಲ್ಲಿ ಕಾಣದೇ ಹೋಗಬಹುದು. ಹೋಯಿತು ಅಂತಲ್ಲ, ಕಡತದಲ್ಲಿದೆ. ಅದೇ ಔಷಧಿ ಮತ್ತೆ ಶುರು ಮಾಡಿದರೆ ಅದೂ ಎದ್ದು ಬರುತ್ತೆ. ಅದಕ್ಕೇ ಮಾತ್ರೆ ಆಗಾಗ ತಪ್ಪೋದು ಅಪಾಯ. ಔಷಧಿ ವೈರಸ್ಸನ್ನು ಪೂರ್ತಿ ತಡೆಯುವಷ್ಟು ಇಲ್ಲ, ಬಗ್ಗದ ತಳಿಯನ್ನು ಆರಿಸುವಷ್ಟು ಇದೆ ಅನ್ನೋ ನಡುವಿನ ಸ್ಥಿತಿಯೇ ಕೆಟ್ಟದ್ದು. ಮಾತ್ರೆ ತಪ್ಪೋದಕ್ಕೆ ಎಷ್ಟೋ ಸಲ ಕಾರಣ ರೋಗಿಯ ಉದಾಸೀನವಲ್ಲ. ಬಸ್ ಚಾರ್ಜ್ ಇಲ್ಲದಿರಬಹುದು, ಸ್ಟಾಕ್ ಬಂದಿಲ್ಲದಿರಬಹುದು, ರೂಂಮೇಟಿನ ಮುಂದೆ ಡಬ್ಬಿ ತೆಗೆಯೋಕೆ ಹೆದರಿಕೆಯಿರಬಹುದು.

ಭಾರತದಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಅದು ಆರಂಭವಾಯಿತು, ಆ ಆರರಲ್ಲಿ ಕರ್ನಾಟಕವೂ ಒಂದು. ಇವತ್ತು ಎಆರ್‌ಟಿ ಕೇಂದ್ರಗಳಲ್ಲಿ ಮೊದಲ ಹಂತದಲ್ಲಿ ಕೊಡೋದು ದಿನಕ್ಕೊಂದು ಮಾತ್ರೆ. ಅದರೊಳಗೆ ಮೂರು ಔಷಧಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಮೊದಲ ಎರಡು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ ಬರವಣಿಗೆ ನಿಲ್ಲಿಸುತ್ತವೆ. ಮೂರನೆಯದು ಬರೆದಾದ ಡಿಎನ್‌ಎ ನಮ್ಮ ಡಿಎನ್‌ಎಗೆ ಸೇರಿ ಪ್ರೊವೈರಸ್ ಆಗದಂತೆ ತಡೆಯುತ್ತೆ. ನೆಲಮಾಳಿಗೆಯ ಲ್ಯಾಬಿನಲ್ಲಿ ಕೋಳಿಯ ಕೋಶಗಳ ಆಕಾರ ನೋಡುತ್ತಾ ಟೆಮಿನ್ ಊಹಿಸಿದ್ದು ಈ ಎರಡೇ ಹೆಜ್ಜೆಗಳನ್ನು. ಆಗ ಅದರಿಂದ ಯಾರಿಗೆ ಏನು ಉಪಯೋಗ ಅಂತ ಕೇಳಿದ್ದರೆ ಅವರ ಬಳಿಯೂ ಉತ್ತರ ಇರುತ್ತಿರಲಿಲ್ಲ.

ನಿಮ್ಮ ಪರಿಚಯದವರು ಯಾರಾದರೂ ದಿನಾ ಈ ಮಾತ್ರೆ ತಗೊಳ್ಳುತ್ತಿದ್ದರೆ, ಅದು ನಿಮಗೆ ಗೊತ್ತಾದರೆ, ಪ್ರಶ್ನೆ ಕೇಳಬೇಡಿ, ದೂರ ಸರಿಯಬೇಡಿ. ಹೊತ್ತಿಗೆ ಸರಿಯಾಗಿ ತಗೊಳ್ಳೋಕೆ ಅನುಕೂಲ ಮಾಡಿಕೊಡಿ. ತಿದ್ದಿ ನೋಡದ ಆ ಕಿಣ್ವಕ್ಕೆ ಬೇಕಿರೋದು ನಕಲು ಮಾಡೋಕೆ ಒಂದಿಷ್ಟು ಬಿಡುವು. ಆ ಬಿಡುವು ಸಿಗದಂತೆ ನೋಡಿಕೊಂಡರೆ ಅದರ ತಪ್ಪುಗಳಿಂದ ಯಾರಿಗೂ ತೊಂದರೆಯಿಲ್ಲ.